ನಾನು ಹೋದಾಗ ಹೊರಗೆ ಬಾರದ ಮೀನುಗಳು

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೀನು ನೋಡುವ ಆಸೆಯಿಂದ ಬರಬೇಡಿ. ಮೀನು ನೋಡುವವರು ಮನೆಯವರು. ನಮ್ಮ ಪಾಲಿಗೆ ಬರುವುದು ಕೊಳೆ ನೀರು, ಪಾಚಿ ಹಿಡಿದ ಗಾಜು, ಕೊಳೆ ಕಟ್ಟಿಕೊಂಡ ಫಿಲ್ಟರಿನ ಸ್ಪಂಜು, ಆಮೇಲೆ ಟ್ಯಾಂಕಿನ ಹಿಂದೆ ಬಿದ್ದಿರುವ ಮಕ್ಕಳ ಆಟದ ಸಾಮಾನು. ಇದನ್ನು ಮೊದಲೇ ಹೇಳಿದರೆ ಆಮೇಲೆ ನನ್ನನ್ನು ಬೈಯುವುದು ತಪ್ಪುತ್ತದೆ.

ನನ್ನ ಹೆಸರು ಹಾಲಪ್ಪ, ಊರು ಹೊನ್ನಾಳಿ. ಮನೆಮನೆಗೆ ಹೋಗಿ ಮೀನಿನ ಟ್ಯಾಂಕು ಕೂರಿಸುವುದು, ತೊಳೆಯುವುದು, ಮೀನಿಗೆ ಕಾಯಿಲೆ ಬಂದರೆ ನೋಡುವುದು ನನ್ನ ಕೆಲಸ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ದೂರಕ್ಕೆ ಬಸ್ಸಿನಲ್ಲಿ, ಹತ್ತಿರಕ್ಕೆ ಒಂದು ಹಳೇ ಮೋಟಾರ್ ಸೈಕಲ್ಲಿನಲ್ಲಿ ತಿರುಗಿದೆ. ಮೊಣಕಾಲು ಬಕೆಟ್ಟು ಹೊರಲಾರೆ ಎಂದು ಕೈಮುಗಿದ ಮೇಲೆ ಬಿಟ್ಟೆ. ಸರ್ಕಾರಿ ನೌಕರಿಯಲ್ಲವಾದ್ದರಿಂದ ಹಾರ, ಶಾಲು, ಭಾಷಣ ಏನೂ ಇರಲಿಲ್ಲ. ಮನೆಯಾಕೆ ಶಿವಮ್ಮ ಮಾತ್ರ, "ಇನ್ನಾದ್ರೂ ಮನೆ ನೆಲ ಒಣಗಿರತೈತೆ" ಎಂದಳು. ಅದೇ ನನ್ನ ಬೀಳ್ಕೊಡುಗೆ.

ಎಷ್ಟೋ ಬಗೆಯ ಮೀನು ಈ ಕೈಯಲ್ಲಿ ಬಂದು ಹೋಗಿವೆ. ಇಲ್ಲಿ ಬರೆಯುವುದು ಒಂದರ ಬಗ್ಗೆ. ಮೀನಿನ ಅಂಗಡಿಯಲ್ಲಿ ಅದಕ್ಕೆ ಕೋರಿ ಅನ್ನುತ್ತೇವೆ, ಮನೆಗಳಲ್ಲಿ ಮೀಸೆ ಮೀನು. ಹೆಬ್ಬೆರಳಿನಷ್ಟು ಗಾತ್ರ, ಮೈಮೇಲೆ ಗಟ್ಟಿ ಕವಚ, ಬಾಯಿಯ ಎರಡೂ ಪಕ್ಕ ಸಣ್ಣ ಮೀಸೆ. ಟ್ಯಾಂಕಿನ ತಳ ಬಿಟ್ಟು ಮೇಲೆ ಬರುವುದು ಕಡಿಮೆ, ಆಗಾಗ ಸರ್ರನೆ ಏರಿ ಒಂದು ಗುಟುಕು ಗಾಳಿ ನುಂಗಿ ಇಳಿಯುವುದಷ್ಟೆ. ಒಂಟಿಯಾಗಿ ಇರಲಾರದ ಮೀನು ಇದು. ಹಿಂಡಿನಲ್ಲಿ ಇದ್ದರೆ ಒಟ್ಟಿಗೆ ಮೇಯುತ್ತದೆ, ಒಟ್ಟಿಗೆ ಮಲಗುತ್ತದೆ, ಒಂದು ಹೊರಟ ಕಡೆ ಎಲ್ಲವೂ ಹೊರಡುತ್ತವೆ. ಕಣ್ಣು ಮಿಟುಕಿಸುತ್ತದೆ ಎಂದೂ ಹೇಳುತ್ತಾರೆ.

ಹೇಳುತ್ತಾರೆ ಎಂದು ಯಾಕೆ ಬರೆದೆ ಎಂದರೆ, ನಾನು ನೋಡಿರಲಿಲ್ಲ. ನಗಬೇಡಿ. ಸಾವಿರಾರು ಕೋರಿ ಮಾರಿದ ಮನುಷ್ಯ, ಅವು ಒಂದು ಮನೆಯಲ್ಲಿ ನೆಮ್ಮದಿಯಾಗಿ ಹಿಂಡು ಕಟ್ಟಿಕೊಂಡು ತಿರುಗುವುದನ್ನು ಕಂಡಿರಲಿಲ್ಲ. ಅಂಗಡಿಗೆ ಬಂದ ಮೀನು ಪ್ರಯಾಣದ ಗಾಬರಿಯಲ್ಲಿ ಮೂಲೆ ಹಿಡಿದಿರುತ್ತದೆ, ಗಾಬರಿ ಇಳಿಯುವಷ್ಟರಲ್ಲಿ ಮಾರಾಟವಾಗುತ್ತದೆ. ಮನೆಗಳಲ್ಲಿ ನಾನು ಕಾಲಿಟ್ಟ ತಕ್ಷಣ ಟ್ಯಾಂಕಿನೊಳಗಿನ ಕಟ್ಟಿಗೆ ತುಂಡಿನ ಹಿಂದೆ ಅಡಗುತ್ತಿದ್ದವು. ನಮ್ಮ ಮನೆಯ ಟ್ಯಾಂಕು ಊರವರ ಕಾಯಿಲೆ ಮೀನಿನ ಆಸ್ಪತ್ರೆಯಾಗಿತ್ತು, ಆಸ್ಪತ್ರೆಯಲ್ಲಿ ಯಾರು ಆಡುತ್ತಾರೆ. "ಈಗಷ್ಟೇ ಎಷ್ಟ್ ಚೆಂದ ಓಡಾಡ್ತಿದ್ವು ಗೊತ್ತಾ" ಎಂಬ ಮಾತನ್ನು ನಾಲ್ಕೂ ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ಮೊದಮೊದಲು ನಗು ಬರುತ್ತಿತ್ತು. ವಯಸ್ಸಾದ ಹಾಗೆ ನಗು ನಿಂತಿತು. ಒಂದು ಸಲ ನೋಡಬೇಕು ಎನ್ನುವ ಆಸೆ ಎಲ್ಲಿಂದಲೋ ಬಂದು ಕೂತುಬಿಟ್ಟಿತ್ತು.

ನನಗೆ ಕೆಲಸ ಕಲಿಸಿದವರು ಖಲೀಲ್ ಸಾಬರು. ಹೊನ್ನಾಳಿಯಲ್ಲಿ ಕಿಟಕಿ ಗಾಜು ಕತ್ತರಿಸುವ ಅಂಗಡಿ ಇಟ್ಟಿದ್ದವರು. ಮಿಕ್ಕಿದ ಗಾಜಿನಲ್ಲಿ ಟ್ಯಾಂಕು ಮಾಡಿ, ಟ್ಯಾಂಕು ಮಾರಲು ಮೀನು ತಂದು, ಕೊನೆಗೆ ಗಾಜೇ ಹಿಂದಕ್ಕೆ ಸರಿದು ಮೀನೇ ಮುಂದೆ ಬಂತು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಖಾರ. ನಮ್ಮ ಕಡೆ ಮೀನನ್ನು ಜೋಡಿ ಲೆಕ್ಕದಲ್ಲಿ ಕೊಳ್ಳುವ ರೂಢಿ. ಗೌರಾಮಿ ಒಂದು ಜೋಡಿ, ಮೋಲಿ ಒಂದು ಜೋಡಿ, ಹಾಗೇ ಕೋರಿಯೂ ಒಂದು ಜೋಡಿ. ಸಾಬರಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಜೋಡಿ ಕೊಡಾಕೆ ಆಗಲ್ರೀ," ಅನ್ನುತ್ತಿದ್ದರು. "ಈ ಮೀನಿಗೆ ಗಂಡ ಹೆಂಡ್ತಿ ಸಾಲಲ್ಲ, ಒಂದು ಓಣಿ ಬೇಕು. ಅರ್ಧ ಡಜನ್‌ಗೆ ಕಮ್ಮಿ ನಾನು ಕೊಡೋದಿಲ್ಲ."

"ಎಲ್ಡೇ ಸಾಕು ಸಾಬ್ರೇ, ಕಸ ತಿನ್ನಾಕೆ ಅಷ್ಟೇ," ಎಂದು ಗಿರಾಕಿ ಹೇಳಿದರೆ ಮುಗಿಯಿತು.

"ಕಸಕ್ಕೆ ಪೊರಕೆ ತಗಳ್ರಿ, ಎದುರು ಅಂಗಡೀಲಿ ಸಿಗ್ತೈತೆ."

ಹೀಗೆ ಹೇಳಿ ಚೀಲಕ್ಕೆ ಹಾಕಿದ ಮೀನನ್ನು ವಾಪಸ್ಸು ಟ್ಯಾಂಕಿಗೆ ಸುರಿದುಬಿಡುತ್ತಿದ್ದರು. ಎಷ್ಟೋ ವ್ಯಾಪಾರ ಹಾಗೆ ಹಾಳಾಯಿತು. ನಾನು ಒಳಗೊಳಗೇ ಗೊಣಗುತ್ತಿದ್ದೆ. ಆಮೇಲೆ ಒಂಟಿ ಕೋರಿ ಒಂದು ಟ್ಯಾಂಕಿನ ಮೂಲೆಯಲ್ಲಿ, ಗಾಜಿನಲ್ಲಿ ಕಾಣುವ ತನ್ನದೇ ಬಿಂಬದ ಪಕ್ಕ ಮೈ ಒತ್ತಿಕೊಂಡು ಕೂತಿದ್ದನ್ನು ನೋಡಿದ ಮೇಲೆ ಗೊಣಗುವುದು ಬಿಟ್ಟೆ.

ಬಲೆ ಹಾಕಬೇಡಿ, ಲೋಟ ಹಾಕಿ ಎನ್ನುವುದೂ ಸಾಬರು ಕಲಿಸಿದ್ದೇ. ಕೋರಿಯ ರೆಕ್ಕೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಅದಕ್ಕೂ ನೋವು, ನಮಗೂ ನೋವು. ಸ್ಟೀಲ್ ಲೋಟವನ್ನು ತಳದಲ್ಲಿ ಮಲಗಿಸಿ ನಿಧಾನ ಓಡಿಸಿದರೆ ತಾನಾಗಿ ಒಳಗೆ ಹೋಗುತ್ತದೆ. ನಮ್ಮ ಅಂಗಡಿಯಲ್ಲಿ ಚಹಾದ ಲೋಟಕ್ಕಿಂತ ಮೀನಿನ ಲೋಟ ಚೆನ್ನಾಗಿ ತೊಳೆದಿರುತ್ತಿತ್ತು.

ನ್ಯಾಮತಿಯ ಒಂದು ಗೃಹಪ್ರವೇಶ ನೆನಪಾಗುತ್ತದೆ. ಹೊಸ ಮನೆ, ನಡುಮನೆಯಲ್ಲಿ ದೊಡ್ಡ ಟ್ಯಾಂಕು, ಹಿಂದಿನ ವಾರವೇ ನಾನು ಕೂರಿಸಿ ಕೋರಿ ಬಿಟ್ಟಿದ್ದೆ. ಊಟಕ್ಕೆ ಕರೆದಿದ್ದರು, ಹೋಗಿದ್ದೆ. ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಮನೆಯ ಯಜಮಾನರು ಬಂದು ಕಿವಿಯಲ್ಲಿ, "ಹಾಲಪ್ಪ, ಮೀನು ಒಂದೇ ಸಮ ಮೇಲೆ ಬಂದು ಬಂದು ಹೋಗ್ತಾವೆ. ಹೆಂಗಸ್ರು ಪೂಜೆ ಒಪ್ಕಂತಾವೆ ಅಂತಾರೆ. ನೀನೊಂದು ಸಲ ನೋಡು," ಎಂದರು.

ಎಂಜಲು ಕೈಯಲ್ಲೇ ಹೋದೆ. ಟ್ಯಾಂಕಿನ ನೀರು ಹಳದಿಯಾಗಿತ್ತು. ಗಂಗೆ ಪೂಜೆಗೆಂದು ಬಂದ ಮುತ್ತೈದೆಯರಿಗೆ ಅಷ್ಟು ದೊಡ್ಡ ಗಂಗೆ ಮನೆಯೊಳಗೇ ಕಂಡಿದ್ದಾಳೆ, ಬಿಡುವುದುಂಟೇ. ಅರಿಸಿನ, ಕುಂಕುಮ, ಅಕ್ಷತೆ, ಸೇವಂತಿಗೆ ಎಲ್ಲ ಒಳಗೆ ಹಾಕಿ ಆರತಿಯನ್ನೂ ಎತ್ತಿ ಮುಗಿಸಿದ್ದರು. ಉಸಿರು ಕಟ್ಟಿದ ಕೋರಿಗಳು ಗಾಳಿ ನುಂಗಲು ಒಂದರ ಹಿಂದೆ ಒಂದು ಏರುತ್ತಿದ್ದವು. ನಾನು ಪೈಪು ಹಾಕಿ ನೀರು ಇಳಿಸಲು ಹೊರಟರೆ, ಹಿರಿಯ ಹೆಂಗಸೊಬ್ಬರು ಅಡ್ಡ ನಿಂತು, "ಪೂಜೆ ಆದ ಗಂಗವ್ವನ್ನ ಮೋರಿಗೆ ಬಿಡಬ್ಯಾಡಪ್ಪ," ಎಂದರು. ಆಗ ಇಡೀ ಪಂಕ್ತಿಯೇ ಎದ್ದು ಬಕೆಟ್ಟು ಕೈಯಿಂದ ಕೈಗೆ ದಾಟಿಸಿ ಹಿತ್ತಿಲಿನ ತೆಂಗಿನ ಸಸಿಗೆ ಹೊಯ್ದಿತು. ರೇಷ್ಮೆ ಸೀರೆಯವರು, ಪಂಚೆಯವರು ಎಲ್ಲ ಒದ್ದೆ. ಮೀನು ಉಳಿದವು. ಅವತ್ತಿನಿಂದ ನಾನು ಹೊಸ ಮನೆಯಲ್ಲಿ ಟ್ಯಾಂಕು ಕೂರಿಸಿದರೆ, ಅದೇ ನೀರನ್ನು ಒಂದು ಚೊಂಬಿನಲ್ಲಿ ತುಂಬಿ ಮುಂದೆ ಇಡುತ್ತಿದ್ದೆ. ಪೂಜೆಯೆಲ್ಲ ಚೊಂಬಿಗೆ. ನೀವೂ ಹಾಗೇ ಮಾಡಿ, ಯಾರ ಮನಸ್ಸೂ ನೋಯುವುದಿಲ್ಲ.

ಚನ್ನಗಿರಿಯ ಕಥೆ ಬೇರೆ. ಅಲ್ಲಿ ಒಂದು ವ್ಯಾಪಾರಸ್ಥರ ಮನೆ, ನಿತ್ಯ ಲಿಂಗಪೂಜೆ ನಡೆಯುವ ಮನೆ. ಮೇಲಿನ ನೀರಿನಲ್ಲಿರುವ ಮೀನು ದುಂಡಗೆ, ತಳದ ಕೋರಿಗಳು ಮಾತ್ರ ಹೊಟ್ಟೆ ಒಳಗೆ ಹೋಗಿ ಒಣಮೆಣಸಿನಕಾಯಿ. ಏನು ಹಾಕುತ್ತೀರಿ ಎಂದು ಕೇಳಿದರೆ ಮನೆಯ ಅಜ್ಜಿ, "ಮಂಡಕ್ಕಿ," ಎಂದರು. ನಮ್ಮ ಸೀಮೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಎಲ್ಲಿದೆ. ಮನುಷ್ಯರು ತಿನ್ನುತ್ತಾರೆ, ಮೀನೂ ತಿನ್ನಲಿ ಎಂದು ಸಂಜೆ ಒಂದು ಹಿಡಿ. ಅದು ತೇಲುತ್ತದೆ, ಮೇಲಿನವು ತಿಂದು ಮುಗಿಸುತ್ತವೆ, ಕೆಳಗಿನವು ಕಾಯುತ್ತಾ ಕೂತಿರುತ್ತವೆ. ಕಸ ತಿಂದು ಬದುಕುವ ಮೀನಿಗೆ ಬೇರೆ ಊಟ ಯಾಕೆ ಎನ್ನುವುದು ಎಲ್ಲರ ನಂಬಿಕೆ. ಕಸ ತಿಂದು ಯಾರೂ ಬದುಕುವುದಿಲ್ಲ.

"ಇದಕ್ಕೆ ಹುಳ ಬೇಕಮ್ಮ, ಮುಳುಗೋ ಆಹಾರ ಬೇಕು," ಎಂದೆ. ಮೊಟ್ಟೆ ಕೂಡ ಕಾಣದ ಮನೆ ಅದು. ಸೊಸೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎದ್ದು ಬಂದು ಟ್ಯಾಂಕಿನ ತಳಕ್ಕೆ ಬಗ್ಗಿ ನೋಡಿದರು.

"ಅದರ ಊಟ ಅದಕ್ಕೆ. ಉಪಾಸ ಕೆಡವಿದ ಪಾಪ ನನಗ್ಯಾಕೆ," ಎಂದರು ಕೊನೆಗೆ. "ಆದ್ರೆ ನನ್ ಅಡುಗೆಮನೆಗೆ ಬರಬಾರದು ನೋಡು."

ಮಂಜುಗಟ್ಟಿಸಿದ ಹುಳದ ಡಬ್ಬಿ ಎದುರುಮನೆಯ ಫ್ರಿಜ್ಜಿನಲ್ಲಿ ಇರುವುದು ಎಂದು ತೀರ್ಮಾನವಾಯಿತು. ದಿನಾ ಸಂಜೆ ಸೊಸೆ ರಸ್ತೆ ದಾಟಿ ಒಂದು ತುಂಡು ತರುವುದು, ಹಾಕುವುದು, ಕೈ ತೊಳೆದು ವಿಭೂತಿ ಹಚ್ಚಿಕೊಂಡು ಒಳಗೆ ಬರುವುದು. ತಿಂಗಳಲ್ಲಿ ಕೋರಿಗಳು ಮೈ ತುಂಬಿಕೊಂಡವು. ನಾನು ಹೋದಾಗ ಅಜ್ಜಿ, "ಊಟದ ಹೊತ್ತಿಗೆ ಗಾಜಿನ ಹತ್ರ ಸಾಲಾಗಿ ನಿಂತಿರ್ತಾವೆ ಕಣಪ್ಪ, ಶಾಲೆ ಹುಡುಗ್ರಂಗೆ," ಎಂದರು. ಟ್ಯಾಂಕು ನೋಡಿದೆ. ಕಟ್ಟಿಗೆಯ ಹಿಂದೆ ಒಂದು ಬಾಲ ಕಾಣುತ್ತಿತ್ತು, ಅಷ್ಟೇ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಕೆಂಪು, ನೀಲಿ ಬಣ್ಣದ ಚೂಪು ಕಲ್ಲು ಹಾಕುತ್ತಿದ್ದೆವು, ನೋಡುವವರಿಗೆ ಚೆಂದ. ಕೋರಿ ಅದರಲ್ಲಿ ಮೂತಿ ತೂರಿಸಿ ತೂರಿಸಿ ಮೀಸೆ ಸವೆದು ಹೋಗುತ್ತಿತ್ತು. ಈಗ ನುಣ್ಣನೆಯ ಮರಳು ಹಾಕಿ, ನೀರು ತಿಳಿಯಾಗುವ ತನಕ ತೊಳೆದು ಹಾಕಿ. ಮೊದಲು ಯಾವ ಕಾಯಿಲೆಗೂ ಒಂದು ಹಿಡಿ ಉಪ್ಪು. ಈ ಮೀನಿಗೆ ಉಪ್ಪು ಆಗಿಬರುವುದಿಲ್ಲ. ಇದೆಲ್ಲ ನಿಮಗೆ ಫೋನಿನಲ್ಲೇ ಸಿಗುತ್ತದೆ, ನಾನು ಹೇಳಬೇಕಾಗಿಲ್ಲ. ಫೋನಿನಲ್ಲಿ ಸಿಗದ ಒಂದನ್ನು ಹೇಳಲು ಇಷ್ಟು ದೂರ ಬಂದೆ.

ಜಗಳೂರಿನಲ್ಲಿ ಪುಷ್ಪಕ್ಕ ಎನ್ನುವವರ ಮನೆ. ಬಟ್ಟೆ ಹೊಲಿಯುವವರು. ಮುಂದಿನ ಕೋಣೆಯೇ ಅಂಗಡಿ, ಮೋಟಾರು ಕೂರಿಸಿದ ಮಿಷನ್ನು ಬಾಗಿಲ ಬೆಳಕಿಗೆ, ಅದರ ಎಡಕ್ಕೆ ಗೋಡೆಗೆ ಒತ್ತಿ ಟ್ಯಾಂಕು. ಸೂಜಿ ನೋಡಿ ನೋಡಿ ಕಣ್ಣು ಉರಿಯುತ್ತದೆ, ಆಗಾಗ ಬೇರೆ ಕಡೆ ನೋಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಬೇರೆ ಕಡೆ ಎಂದರೆ ಅವರಿಗೆ ಇದ್ದದ್ದು ಸುಣ್ಣದ ಗೋಡೆ. ಅದಕ್ಕೆ ಟ್ಯಾಂಕು ತಂದರು. ಇಂಥ ಒಳ್ಳೆಯ ಕಾರಣಕ್ಕೆ ಟ್ಯಾಂಕು ತಂದ ಇನ್ನೊಬ್ಬರನ್ನು ನಾನು ಕಾಣೆ.

ಅಲ್ಲಿನ ಬೋರ್‌ವೆಲ್ ನೀರು ಗಡಸು. ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ನಿಂಬೆಹೋಳಿನಲ್ಲಿ ಉಜ್ಜಬೇಕು. ಮೀನು ಬಿಡುವ ಮುಂಚೆ ಅವರ ನೀರನ್ನು ಹನಿಹನಿಯಾಗಿ ಮೀನಿದ್ದ ಚೀಲಕ್ಕೆ ಬಿಟ್ಟು ಅರ್ಧ ದಿನ ಒಗ್ಗಿಸಿದ್ದೆ. ಒಗ್ಗಿದವು. ಪುಷ್ಪಕ್ಕ ಮೊದಲ ಸಲಕ್ಕೇ ಒಂದು ಓಣಿಯಷ್ಟು ಕೋರಿ ತೆಗೆದುಕೊಂಡಿದ್ದರು, ಜೋಡಿ ಮಾತು ಆಡಲಿಲ್ಲ. ನನಗೆ ಅಲ್ಲೇ ಅವರ ಮೇಲೆ ಗೌರವ ಬಂತು.

ಇನ್ನೊಂದು ಕಾರಣವೂ ಇದೆ. ಟ್ಯಾಂಕಿನವನನ್ನು ಯಾರೂ ಕೂರು ಎನ್ನುವುದಿಲ್ಲ. ತಪ್ಪೆಂದು ಹೇಳುತ್ತಿಲ್ಲ. ಕೈ ಒದ್ದೆ, ಪ್ಯಾಂಟು ಒದ್ದೆ, ಅವರ ಸೋಫಾದ ಮೇಲೆ ನಾನಾದರೂ ಹೇಗೆ ಕೂರಲಿ. ಪುಷ್ಪಕ್ಕ ಮಾತ್ರ ಪ್ರತಿ ಸಲವೂ, ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೆ ಮಿಷನ್ನು ನಿಲ್ಲಿಸಿ ಎದ್ದು ನಿಂತು, ಬಟ್ಟೆ ಸರಿಸಿ ಕುರ್ಚಿ ಎಳೆಯುತ್ತಿದ್ದರು. ನಾನು ಕೆಲಸ ಮುಗಿಸುವ ತನಕ ಮಿಷನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಚಹಾ.

"ಕೂತ್ಕಳ್ರಿ ಹಾಲಪ್ಪಣ್ಣ, ಗಡಿಬಿಡಿ ಮಾಡಬ್ಯಾಡ್ರಿ. ಇನ್ನೊಂದೀಟು ಹೊತ್ತಿಗೆ ಬರ್ತಾವೆ. ಎಲ್ಲಾ ಒಟ್ಟಿಗೆ ಬಂದು ಮರಳು ಊದಿ ಊದಿ ಆಡ್ತಾವೆ, ನೋಡಾಕೆ ಎಲ್ಡು ಕಣ್ಣು ಸಾಲಲ್ಲ."

"ಇಲ್ಲಕ್ಕ, ದಾವಣಗೆರೆ ಬಸ್ಸು ಹೋಗ್ತೈತೆ. ಅಲ್ಲಿಂದ ಇನ್ನೊಂದು ಹಿಡೀಬೇಕು."

ಎಷ್ಟು ವರ್ಷ ಇದೇ ಮಾತು, ಇದೇ ಉತ್ತರ. ಬಸ್ಸಿನ ಕಿಟಕಿಯಲ್ಲಿ ಕೂತು ಮೆಕ್ಕೆಜೋಳದ ಹೊಲ ನೋಡುತ್ತಾ, ಈಗ ಹೊರಗೆ ಬಂದಿರಬೇಕು, ಈಗ ಮರಳು ಊದುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ನಾನು ಕೂರಿಸಿದ ಎಲ್ಲ ಟ್ಯಾಂಕುಗಳಲ್ಲೂ ನಾನು ಬಾಗಿಲು ದಾಟಿದ ಮೇಲೆಯೇ ಹಬ್ಬ. ನನಗೆ ಹೊಟ್ಟೆಕಿಚ್ಚು ಇರಲಿಲ್ಲ, ಹಂಬಲವಿತ್ತು. ನನ್ನನ್ನು ಕಂಡರೆ ಈ ಮೀನಿಗೆ ಭಯ, ನನ್ನ ಕೈವಾಸನೆ ಅದಕ್ಕೆ ಗೊತ್ತು ಎಂದು ತೀರ್ಮಾನ ಮಾಡಿಕೊಂಡಿದ್ದೆ. ವೈದ್ಯರಿಗೆ ಮಕ್ಕಳು ಹೆದರುವುದಿಲ್ಲವೇ, ಹಾಗೆ.

ಸಾಬರು ತೀರಿಕೊಂಡರು. ಅಂಗಡಿ ಮುಚ್ಚಿತು. ಆಮೇಲೂ ಸ್ವಲ್ಪ ಕಾಲ ತಿರುಗಿ, ಮೊಣಕಾಲಿನ ದೆಸೆಯಿಂದ ನಿಲ್ಲಿಸಿದೆ. ಆಸ್ಪತ್ರೆ ಟ್ಯಾಂಕನ್ನೂ ಯಾರಿಗೋ ಕೊಟ್ಟೆ. ಮನೆ ನೆಲ ಒಣಗಿತು, ಕೈಯೂ ಒಣಗಿತು. ಸುಕ್ಕುಗಟ್ಟಿಯೇ ಇರುತ್ತಿದ್ದ ಬೆರಳ ತುದಿ ಎಲ್ಲರ ಬೆರಳಿನಂತೆ ಆಯಿತು. ನನಗದು ಇಷ್ಟವಾಗಲಿಲ್ಲ. ಬೆಳಿಗ್ಗೆ ಎದ್ದು ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಶಿವಮ್ಮ ನೋಡುವಷ್ಟು ದಿನ ನೋಡಿದಳು.

"ಏನ್ ಬೇಕ್ರೀ ನಿಮಗೆ?" ಎಂದಳು ಒಂದು ದಿನ.

ಹೇಳಿದೆ. ಇಷ್ಟು ವಯಸ್ಸಿನಲ್ಲಿ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

"ಅಷ್ಟೇನಾ. ಹೋಗಿ ನೋಡ್ಕಂಡು ಬರ್ರಿ. ಸಾಮಾನಿನ ಚೀಲ ಮಾತ್ರ ತಗಂಡು ಹೋಗಬ್ಯಾಡ್ರಿ, ತಗಂಡ್ರೆ ತೊಳ್ಯಾಕೆ ನಿಲ್ತೀರಿ."

ಚೀಲವಿಲ್ಲದೆ ಬಸ್ಸು ಹತ್ತಿದೆ. ಹೆಗಲು ಖಾಲಿ ಖಾಲಿ ಅನ್ನಿಸಿತು. ಜಗಳೂರಿನಲ್ಲಿ ಇಳಿದು ಓಣಿಗೆ ತಿರುಗಿದಾಗಲೇ ಮಿಷನ್ನಿನ ಸದ್ದು ಕೇಳಿತು. ಬಾಗಿಲಲ್ಲಿ ನಿಂತೆ. ಸದ್ದು ನಿಂತಿತು. ಪುಷ್ಪಕ್ಕನ ತಲೆ ನೆರೆತಿತ್ತು, ಕನ್ನಡಕ ದಪ್ಪವಾಗಿತ್ತು.

"ಬರ್ರಿ ಬರ್ರಿ ಹಾಲಪ್ಪಣ್ಣ. ಚೀಲ ಎಲ್ಲಿ?"

"ಕೆಲಸಕ್ಕೆ ಬಂದಿಲ್ಲಕ್ಕ. ಕೂತ್ಕಳಾಕೆ ಬಂದೀನಿ."

ಅವರು ಕುರ್ಚಿ ಎಳೆದು ಟ್ಯಾಂಕಿನ ಎದುರಿಗೇ ಹಾಕಿದರು. ಟ್ಯಾಂಕನ್ನು ಈಗ ತಾವೇ ನೋಡಿಕೊಳ್ಳುತ್ತಿದ್ದಾರೆ, ಗಾಜು ಹೊಳೆಯುತ್ತಿತ್ತು. ಮರಳು ಖಾಲಿ. ಕಟ್ಟಿಗೆಯ ಹಿಂದೆ ಎರಡು ಮೂರು ಬಾಲ. ಚಹಾ ಬಂತು, ಕುಡಿದೆವು. ಪುಷ್ಪಕ್ಕ ಕೈಕಟ್ಟಿಕೊಂಡು ನನ್ನ ಪಕ್ಕ ಕೂತರು. ಇಬ್ಬರೂ ಉಸಿರು ಬಿಗಿಹಿಡಿದು ಗಾಜು ನೋಡಿದೆವು. ಏನೂ ಬರಲಿಲ್ಲ. ಅವರು ಸ್ವಲ್ಪ ಆಹಾರ ಉದುರಿಸಿದರು. ಅದು ಹೋಗಿ ಮರಳಿನ ಮೇಲೆ ಕೂತಿತು.

"ನೆಂಟ್ರ ಮುಂದೆ ಪದ್ಯ ಹೇಳು ಅಂದ್ರೆ ಹುಡುಗ್ರು ಹಿಂಗೇ ಮಾಡ್ತಾವಲ್ಲ," ಎಂದು ಪುಷ್ಪಕ್ಕ ಮೀನಿನ ಪರವಾಗಿ ಸಂಕೋಚಪಟ್ಟರು. "ದಿನಾ ಬರ್ತಾವೆ ಕಣ್ರಿ. ಆಣೆ ಮಾಡಿ ಹೇಳ್ತೀನಿ."

"ಗೊತ್ತಕ್ಕ," ಎಂದೆ. ಬಂದದ್ದು ತಪ್ಪಾಯಿತೇನೋ ಅನ್ನಿಸಿತು. ಹಂಬಲವನ್ನು ಹಂಬಲವಾಗಿಯೇ ಇಟ್ಟುಕೊಳ್ಳಬೇಕಿತ್ತು. ಈಗ ಇದೂ ಇಲ್ಲ ಎಂದರೆ ಇನ್ನು ಎಲ್ಲಿಗೆ ಹೋಗಲಿ. ಎದ್ದು ಹೊರಡುವ ಮನಸ್ಸಾಯಿತು.

ಅಷ್ಟರಲ್ಲಿ ಹೆಣ್ಣುಮಗಳೊಬ್ಬಳು ಬಂದು ಬ್ಲೌಸು ಕೇಳಿದಳು. ಸಂಜೆಗೆ ಮದುವೆಯಂತೆ, ಒಂದು ತೋಳು ಇನ್ನೂ ಕೂರಿಸಿರಲಿಲ್ಲ. ಪುಷ್ಪಕ್ಕ ನನ್ನ ಕಡೆ ತಿರುಗಿ, "ತಪ್ಪು ತಿಳೀಬ್ಯಾಡ್ರಿ ಅಣ್ಣ, ಒಂದೀಟು ಇದನ್ನ ಮುಗಿಸ್ತೀನಿ," ಎಂದರು. ಹೆಣ್ಣುಮಗಳು ಹೊಸ್ತಿಲ ಆಚೆ ಮೆಟ್ಟಿಲ ಮೇಲೆ ಕೂತಳು. ಮಿಷನ್ನು ಶುರುವಾಯಿತು.

ಟ್ಯಾಂಕಿನ ನೀರಿನ ಮೇಲೆ ಸಣ್ಣಗೆ ನಡುಕ ಹುಟ್ಟಿತು. ಕಟ್ಟಿಗೆಯ ತುದಿಯಿಂದ ಒಂದು ಮೀಸೆ ಹೊರಗೆ ಬಂತು. ಆಮೇಲೆ ಮೂತಿ. ಆಮೇಲೆ ಅದರ ಹಿಂದೆ ಇನ್ನೊಂದು, ಅದರ ಪಕ್ಕ ಮತ್ತೊಂದು, ನೋಡುವಷ್ಟರಲ್ಲಿ ಇಡೀ ಓಣಿಯೇ ಹೊರಗೆ. ಮರಳಿನಲ್ಲಿ ಮೂತಿ ಹೂತು, ಕಿವಿರಿನಿಂದ ಮರಳು ಊದಿ, ಒಂದರ ಬೆನ್ನ ಮೇಲೆ ಇನ್ನೊಂದು ಹತ್ತಿ ಇಳಿದು, ಒಂದು ತಿರುಗಿದರೆ ಎಲ್ಲ ತಿರುಗಿ, ಈ ತುದಿಯಿಂದ ಆ ತುದಿಗೆ ಮೇಯುತ್ತಾ ಹೊರಟವು. ಒಂದು ಸೀದಾ ನನ್ನ ಎದುರಿಗೆ ಬಂದು ಗಾಜಿಗೆ ಮೀಸೆ ತಾಗಿಸಿ ನಿಂತಿತು. ಕಣ್ಣು ಮಿಟುಕಿಸಿತು. ನಿಜವಾಗಿಯೂ ಮಿಟುಕಿಸುತ್ತದೆ.

ದಾರ ತುಂಡಾಯಿತು. ಮಿಷನ್ನು ನಿಂತಿತು. ಮೀನೆಲ್ಲ ಇದ್ದಲ್ಲೇ ಬಿಗಿಯಾಗಿ, ಮರುಗಳಿಗೆ ಕಟ್ಟಿಗೆಯ ಹಿಂದೆ ಹೋದವು. ಪುಷ್ಪಕ್ಕ ಸೂಜಿಗೆ ದಾರ ಪೋಣಿಸಿ ಮತ್ತೆ ಶುರು ಮಾಡಿದರು. ಮತ್ತೆ ಬಂದವು.

ಆಗ ಅರ್ಥವಾಯಿತು. ನಾನು ಹೋದ ಯಾವ ಮನೆಯಲ್ಲೂ ಟಿವಿ ಓಡುತ್ತಿರಲಿಲ್ಲ, ಮರ್ಯಾದೆಗೆಂದು ಆರಿಸುತ್ತಿದ್ದರು. ಮಿಕ್ಸಿ ನಿಲ್ಲುತ್ತಿತ್ತು, ಮಕ್ಕಳನ್ನು ಸುಮ್ಮನಿರಿಸುತ್ತಿದ್ದರು. ಈ ಮೀನು ಹುಟ್ಟಿ ಬೆಳೆದದ್ದು ಎಲ್ಲೋ, ಒಗ್ಗಿದ್ದು ಆ ಮನೆಯ ಸದ್ದಿಗೆ. ಸದ್ದು ನಿಂತರೆ ಏನೋ ಕೆಟ್ಟದ್ದು ಬಂತೆಂದು ಅಡಗುತ್ತದೆ. ಅವು ಹೆದರಿದ್ದು ನನಗಲ್ಲ, ನನ್ನ ಜೊತೆ ಬರುತ್ತಿದ್ದ ಮೌನಕ್ಕೆ. ಪುಷ್ಪಕ್ಕನಿಗೂ ಇದು ತಿಳಿದಿರಲಾರದು, ಉಳಿದ ದಿನಗಳಲ್ಲಿ ಮಿಷನ್ನು ನಿಂತ ಮೇಲೆ ಅವರು ಟ್ಯಾಂಕು ನೋಡುತ್ತಾ ಕೂರದೆ ಅಡುಗೆಮನೆಯಲ್ಲಿರುತ್ತಿದ್ದರು. ನನಗೆ ಗೌರವ ಕೊಡಲು ಪ್ರತಿ ಸಲ ಎದ್ದು ನಿಂತವರು ಅವರು, ಆ ಗೌರವದಿಂದಲೇ ನಾನು ಇಷ್ಟು ವರ್ಷ ಖಾಲಿ ಮರಳು ನೋಡಿದ್ದು.

ಇದನ್ನು ಅವರಿಗೆ ಹೇಳಬೇಕು. ಆದರೆ ಹೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ನನ್ನ ಕಡೆ ತಿರುಗುತ್ತಾರೆ. ತೋಳಿನ ಹೊಲಿಗೆ ಮುಗಿಯುತ್ತಾ ಬಂದಿತ್ತು. ನಾನು ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದೆ, ಕಣ್ಣೀರು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

"ಬಂದ್ವೇನ್ರಿ ಹಾಲಪ್ಪಣ್ಣ?" ಎಂದರು ಪುಷ್ಪಕ್ಕ, ಸೂಜಿಯಿಂದ ಕಣ್ಣು ತೆಗೆಯದೆ.

"ನಿಲ್ಲಿಸಬ್ಯಾಡ್ರಿ ಅಕ್ಕ," ಎಂದೆ. "ಹೊಲೀತಾ ಇರ್ರಿ."